ವಾಕರ್ ನಂಬರ್ ಏಳು

ಗುರುವಾರ ಸಂಜಿ ಆರೂವರಿಗೆ
ಪತ್ತಿನ ಸಂಘದ ಮಾಳಿಗಿ ಮ್ಯಾಲೆ ನಮ್ಮ ಸೇವಾ ಬಳಗದ ಸಭಾ.
ಏಳಾದ್ರೂ ಅಧ್ಯಕ್ಷರು ಬಂದಿರಂಗಿಲ್ಲ,
ಏಳೂಕಾಲಕ್ಕ ಚುರಮರಿ ಬಂದಿರ್ತಾವು.
ಚುರಮರಿ ಬಂದಮ್ಯಾಲೆ ಕೋರಂ ತಾನಾಗಿ ಕೂಡತೈತಿ.

ನಾ ಸೈಕಲ್ ಅಂಗಡಿಯಾಂವ.
ಇವರ ಗಾಲಿಕುರ್ಚಿಗೆ ಪಂಕ್ಚರ್ ಹಾಕಿ ಹಾಕಿ
ಬಿಲ್ಲು ಕೊಡೂದು ಮರತೆ.
ಆ ಮರವಿಗೇ ಸದಸ್ಯತ್ವ ಕೊಟ್ಟರು:
ಕೊರಳಿಗೊಂದು ಹಾರ, ಕೈಗೊಂದು ರಿಜಿಸ್ಟರು.

ಈ ರಿಜಿಸ್ಟರಿನ್ಯಾಗ ಅರ್ಧ ಗುಳೇದಗುಡ್ಡ ಐತಿ.
ವಾಕರ್ ಒಂಬತ್ತು, ಊರುಗೋಲು ಹದಿನಾಲ್ಕು,
ನೀರಿನ ಹಾಸಿಗಿ ಎರಡು, ಅದರಾಗ ಒಂದು ಸೋರತೈತಿ.
ಬೆಡ್‌ಪ್ಯಾನ್ ಎಷ್ಟಂತ ಯಾರೂ ಎಣಿಸಿಲ್ಲ,
ಒಯ್ದವರು ಹೇಳಂಗಿಲ್ಲ, ನಾವು ಕೇಳಂಗಿಲ್ಲ.
ಠೇವಣಿ ಇನ್ನೂರು. ಇಲ್ಲದವರಿಗೆ ಬಾಯಿಮಾತು.
ಬಾಯಿಮಾತು ಈವರೆಗೆ ಒಂದೂ ಮುಳುಗಿಲ್ಲ;
ಇನ್ನೂರು ಕೊಟ್ಟವರೇ ಮೂರು ಮಂದಿ
ಕೋಲು ತಮ್ಮದಂತ ತಿಳದಾರ.

ಸೋಮವಾರ ಮಗ್ಗದ ಓಣಿಯೊಳಗ ಕಣ್ಣಿನ ತಪಾಸಣಿ ಇತ್ತು.
ಗ್ವಾಡಿ ಮ್ಯಾಲಿನ ಅಕ್ಷರ ತೋರಿಸಿ
'ಇದೇನ್ರಿ?' ಅಂದರು ಡಾಕ್ಟರು.
'ಅದು ನನಗ ಮೊದಲಿಂದನೂ ಬರಂಗಿಲ್ಲ,
ಹರದ ಎಳಿ ತೋರಸ್ರಿ, ಎಲ್ಲಿ ಹರದೈತಿ ಹೇಳ್ತೇನಿ'
ಅಂದ ನಿಂಗಬಸಪ್ಪ ಚಿಲ್ಲಾಳ.
ಎಳೀ ಮ್ಯಾಲೇ ನಂಬರ ತಗದು ಕನ್ನಡಕ ಬರದರು.

ದವಾಖಾನಿಗೆ ಗಂಜಿ ಒಯ್ಯೂ ಪಾಳಿ ದೇಸಾಯರದು,
ಪ್ರತಿ ಸಲ ಉಪ್ಪು ಮರೀತಾರ.
ಬಾಣಂತ್ಯಾರಿಗೆ ರೂಢಿ ಆಗೇತಿ,
ತಲಿದಿಂಬಿನ ಬುಡಕ ಉಪ್ಪಿನ ಪುಡಿಕಿ ಇಟಗೊಂಡಿರ್ತಾರ.

ಇಷ್ಟು ನಡಾವಳಿಯಾಗ ಬರದೇನಿ.
ಇನ್ನು ಮುಂದಿಂದು ಬರಿಯಾಕ ಕಾಲಂ ಇಲ್ಲ.

ಸಭಾ ಅರ್ಧ ಆಗಿತ್ತು. ಮೆಟ್ಟಿಲ ಮ್ಯಾಲೆ ಟಕ್ ಟಕ್ ಸಪ್ಪಳ.
ಶಂಕ್ರೆವ್ವನ ಮೊಮ್ಮಗಳು, ಆರನೇತ್ತೆ ಇರಬೇಕು,
ವಾಕರ್ ತಲಿ ಮ್ಯಾಲೆ ಹೊತಗೊಂಡು ಬಂದಾಳ.
ಆರು ತಿಂಗಳ ಹಿಂದ ಶಂಕ್ರೆವ್ವ ಬಚ್ಚಲದಾಗ ಜಾರಿ
ಟೊಂಕ ಮುರಕೊಂಡಿದ್ದಳು.
ನಾ ದನಿ ಇಳಿಸಿ, 'ಯಾವಾಗ ಹ್ವಾದಳವಾ ನಿಮ್ಮಜ್ಜಿ?' ಅಂದೆ.
ಹುಡಿಗಿ, 'ಈಗ ಮಧ್ಯಾಹ್ನ, ಮಗ್ಗದ ಮನಿಗೆ,
ಬರೋಬರಿ ನಡದಾಳ್ರಿ' ಅಂತು.
ಎಲ್ಲಾರೂ ಚುರಮರಿ ತಟ್ಟಿಯೊಳಗ ಮಾರಿ ಹಾಕಿದರು.

ವಾಕರಿನ ಎರಡೂ ಹಿಡಿಕಿಗೆ
ಖಣದ ಚೂರು ಸುತ್ತಿ, ಒಳಗ ಅರಳಿ ತುಂಬಿ,
ಸಣ್ಣ ಸಣ್ಣ ಹೊಲಿಗಿ ಹಾಕಿತ್ತು ಆ ಮುದುಕಿ.
ಕೆಂಪು ಒಡಲು, ಹಸರ ದಂಡಿ. ದಂಡಿ ಎಲ್ಲೂ ಸೊಟ್ಟಿಲ್ಲ.
'ನಿಯಮ ಹನ್ನೊಂದು, ಮೊದಲ ಹೆಂಗಿತ್ತೋ ಹಂಗ ಇಡಬೇಕು,
ಬಿಚ್ಚಿ ತೊಳೀರಿ' ಅಂದರು ಅಧ್ಯಕ್ಷರು, ಔಷಧ ಅಂಗಡಿಯವರು.
ಅರಿವಿ ಬಳಗದ ಆಸ್ತಿಯೋ, ಶಂಕ್ರೆವ್ವನ ಆಸ್ತಿಯೋ,
ಇಪ್ಪತ್ತು ಮಿನಿಟು ಚರ್ಚಾ.
ನಾ ಕತ್ತರಿ ಹಿಡದು ಕುಂತಿದ್ದೆ.

ಬಾಗಲಾಗ ಮಸ್ತಾನಸಾಬ ಮನಿಯಾರ ನಿಂತಿದ್ದ,
ಮುಂದಿನ ಪಾಳಿ ಅವನದು.
'ಬಿಚ್ಚಬ್ಯಾಡ್ರಿ,' ಅಂದ. 'ನಮ್ಮಪ್ಪ ನಲವತ್ತು ವರ್ಷ
ನೂಲಿಗೆ ಬಣ್ಣ ಹಾಕಿದಾಂವ, ಅಂಗೈ ಸೀಳ್ಯಾವ,
ಕಬ್ಬಿಣ ತಡಿಯಂಗಿಲ್ಲ.'
ಅಧ್ಯಕ್ಷರು ಕನ್ನಡಕ ಒರಿಸಿಕೊಂಡರು, ಬಹಳ ಹೊತ್ತು ಒರಿಸಿಕೊಂಡರು.
ಮಸ್ತಾನಸಾಬ ವಾಕರ್ ಎತಗೊಂಡು ಇಳದು ಹ್ವಾದ.
'ಸ್ಥಿತಿ' ಅನ್ನೂ ಕಾಲಂನ್ಯಾಗ ಆರು ತಿಂಗಳ ಹಿಂದ
ನಾನೇ 'ಹಳೇದು' ಅಂತ ಬರದಿದ್ದೆ. ಹೊಡದು ಹಾಕಿದೆ.

ಹುಡಿಗಿ ಹೋಗವಲ್ಲದು.
'ಏನವಾ?'
'ಠೇವಣಿ ಇಸಗೊಂಡ ಬಾ ಅಂದಾಳ್ರಿ ಅಜ್ಜಿ.'
ರಿಜಿಸ್ಟರ್ ತಗದು ನೋಡಿದೆ:
ಶಂಕ್ರೆವ್ವ, ವಾಕರ್ ಏಳು, ಠೇವಣಿ ಬಾಯಿಮಾತು.
ಬಾಯಿಮಾತು ಹೆಂಗ ವಾಪಸ್ ಕೊಡೂದು?
ಎರಡೂ ಬೊಗಸಿ ತುಂಬ ಚುರಮರಿ ಕೊಟ್ಟೆ.
ಹುಡಿಗಿ ಎಣಿಸಿದಂಗ ನೋಡಿ,
'ಮೆಣಸಿನಕಾಯಿ ಎಲ್ಲೈತ್ರಿ?' ಅಂತು.