ನೇಮಕಾತಿ ದಿನ, ಟಿಬಿಲಿಸಿ

ಬ್ಯಾಸ್ಕೆಟ್‌ಬಾಲ್ ಬಳೆಯ ಕೆಳಗೇ ಕಂಪನಿಯ ಬ್ಯಾನರು.
ಪುಕ್ಕಟೆ ಕಾಲುಚೀಲಕ್ಕೆ ಮೊದಲ ವರ್ಷದವರ ನೂಕುನುಗ್ಗಲು;
ನಮ್ಮ ಸಾಲು ಮಾತ್ರ
ಎರಡನೇ ಪಂಕ್ತಿಗೆ ಕಾದವರಂತೆ ತೆಪ್ಪಗೆ.

ಮೇಜಿನಾಚೆ ತೋರ್ನಿಕೆ. ನನಗಿಂತ ಎರಡೇ ವರ್ಷ ದೊಡ್ಡವ.
ಪರೀಕ್ಷೆಯ ಬೆಳಿಗ್ಗೆ ನನ್ನ ಕ್ಯಾಲ್ಕ್ಯುಲೇಟರ್ ಒಯ್ದವನು
ಇವತ್ತಿಗೂ ತಂದುಕೊಟ್ಟಿಲ್ಲ.
ಅದರ ಬೆನ್ನಿಗೆ ಮೊಳೆಯಲ್ಲಿ ಗೀಚಿದ್ದೇನೆ: ನುತ್ಸಾ.

"ನಿಮ್ಮ ಹೆಸರು?" ಎಂದ.
ಹೇಳಿದೆ. ರೆಪ್ಪೆ ಅಲುಗಲಿಲ್ಲ.
ಕೊರಳ ಬಿಲ್ಲೆ ಮಾತ್ರ ತಿರುಗಿ ಬೆನ್ನು ತೋರಿಸಿತು.

"ಇನ್ನೈದು ವರ್ಷಕ್ಕೆ ಎಲ್ಲಿರುತ್ತೀರಿ?"
ಉರುಹೊಡೆದದ್ದು ಒಪ್ಪಿಸಿದೆ.
"ನಿಮ್ಮ ದೌರ್ಬಲ್ಯ?"
ಕೊಟ್ಟದ್ದನ್ನು ಮರಳಿ ಕೇಳಲು ಬಾಯಿ ಬರುವುದಿಲ್ಲ,
ಎಂದೆ.

ಬರೆದುಕೊಳ್ಳಹೋದ.
ಪೆನ್ನು ಎರಡು ಗೀರಿಗೇ ಒಣಗಿತು.
ತಲೆಯೆತ್ತದೆ ಕೈ ಚಾಚಿದ.

ನನ್ನದು ಕೊಟ್ಟೆ.