ಎರಡನೇ ಗುಂಡು

ಪೊನ್ನಂಪೇಟೆಯ ಶಾಲಾ ಮೈದಾನದಲ್ಲಿ
ಈಗ ನಾನು ಓಡುವವನಲ್ಲ, ಓಡಿಸುವವನು.
ಕೆಂಪು ಕೋಟು, ಕಿವಿಗೆ ಹತ್ತಿ,
ಕೈಯಲ್ಲಿ ಸದ್ದು ಮಾತ್ರ ಇರುವ ಪಿಸ್ತೂಲು.
ಸುಣ್ಣದ ಗೆರೆ ಇಬ್ಬನಿಗೆ ಅರ್ಧ ಅಳಿಸಿದೆ.
ಆರನೇ ಲೇನಿನ ಹುಡುಗಿಯ ಮೊಣಕಾಲು
ಜೇನು ಕೂತ ಕೊಂಬೆಯಂತೆ ಸಣ್ಣಗೆ ಅದುರುತ್ತಿದೆ.

ಗುಂಡಿನ ಭಾಷೆ ನನಗೆ ತೊಟ್ಟಿಲಲ್ಲೇ ಬಂತು.
ನಾನು ಹುಟ್ಟಿದ ದಿನ ಅಂಗಳದಲ್ಲಿ ಒಂದು ಗುಂಡು:
ಗಂಡು, ಎಂದು ಕಣಿವೆಯಾಚೆಯ ಮನೆಗಳಿಗೆ ಸುದ್ದಿ.
ಅಕ್ಕ ಹುಟ್ಟಿದಾಗ ಕೋವಿ ಗೋಡೆಯಲ್ಲೇ ಇತ್ತಂತೆ,
ಅವಳಿನ್ನೂ ಅದನ್ನು ಮರೆತಿಲ್ಲ.
ಎರಡು ಗುಂಡು, ಒಂದರ ಬೆನ್ನಿಗೆ ಒಂದು:
ಯಾರೋ ಹೋದರು.
ಅಪ್ಪ ಕೈಯ ಕತ್ತಿ ಕೆಳಗಿಟ್ಟು
ಸದ್ದು ಬಂದ ದಿಕ್ಕಿಗೆ ಕಿವಿಯಿಟ್ಟು
ಒಂದು ಮನೆಹೆಸರು ಹೇಳಿ ಹೊರಟುಬಿಡುತ್ತಿದ್ದ.

ಪಲ್ಟನ್ನು ಇನ್ನೊಂದು ಅರ್ಥ ಕಲಿಸಿತು:
ಸದ್ದು ಕೇಳಿದರೆ ಬೋರಲು ಬೀಳು,
ಯೋಚನೆ ಆಮೇಲೆ.

ಊರೆಲ್ಲ ಹಾಕಿ ಸ್ಟಿಕ್ಕು ಹಿಡಿದಾಗ
ನಾನೊಬ್ಬ ಬರಿಗೈಯಲ್ಲಿ
ಕೊಯ್ಲು ಮುಗಿದ ಗದ್ದೆಯಲ್ಲಿ ಓಡಿದವನು.
‘ಚೆಂಡೆಲ್ಲಿ ಮೊಣ್ಣಪ್ಪ?’ ಎಂದು ನಗುತ್ತಿದ್ದರು.
ಕೂಳೆ ಚುಚ್ಚಿದ ಅದೇ ಪಾದದಲ್ಲಿ
ಸೈನಿಕರ ವಿಶ್ವ ಕ್ರೀಡಾಕೂಟಕ್ಕೆ ಹೋದೆ.
ಊಟದ ಹಾಲಿನಲ್ಲಿ ಬಣ್ಣಬಣ್ಣದ ಟೋಪಿಗಳ ರಾಶಿ.
ಯಾರಿಗೆ ಯಾರು ಮೊದಲು ಎಂದು ತಿಳಿಯದೆ
ಎಲ್ಲರೂ ಎಲ್ಲರಿಗೂ ಸೆಲ್ಯೂಟ್ ಹೊಡೆದು ತೋಳುನೋವು.
ಓಡುವಾಗ ಮಾತ್ರ ಹುದ್ದೆಯಿಲ್ಲ,
ಮೇಜರನ ಬೆನ್ನು ದಾಟಿದ್ದಕ್ಕೆ
ಲ್ಯಾನ್ಸ್ ನಾಯಕನಿಗೆ ಶಿಕ್ಷೆಯಿಲ್ಲ.

ನಾನ್ನೂರು ಮೀಟರ್. ಸೆಮಿಫೈನಲ್. ಐದನೇ ಲೇನು.
ಎಂಟು ಸೈನ್ಯದ ಎಂಟು ಮಂದಿ,
ಗುಂಡಿಗೆ ಬೀಳುವುದನ್ನೇ ಕಲಿತವರು
ಗುಂಡಿಗೆ ಏಳಲು ಬಗ್ಗಿ ಕೂತೆವು.
ಪಕ್ಕದವನ ಮೀನಖಂಡದಲ್ಲಿ ಹೊಲಿಗೆಯ ಗುರುತು,
ಮೈದಾನದಲ್ಲಿ ಆದದ್ದಲ್ಲ.
ನಾನು ನೋಡಿದ್ದು ಅವನಿಗೆ ಗೊತ್ತಾಯಿತು.
ಇಬ್ಬರೂ ನೆಲ ನೋಡಿದೆವು.

ಒಂದು ಗುಂಡು. ಹುಟ್ಟಿದೆ.
ಹತ್ತು ಹೆಜ್ಜೆ ಆಗಿತ್ತೋ ಇಲ್ಲವೋ,
ಎರಡನೆಯದು.

ಮೂರನೇ ಲೇನಿನವನು ಅವಸರಪಟ್ಟಿದ್ದ, ಅಷ್ಟೇ.
ಎಲ್ಲರೂ ಗೊಣಗುತ್ತ ಹಿಂದಿರುಗಿದರು.
ನಾನು ತಿರುವಿನಲ್ಲಿ ನಿಂತು ದಿಕ್ಕು ಹುಡುಕುತ್ತಿದ್ದೆ:
ಯಾರ ಮನೆ? ಅಜ್ಜಿಯೆ? ಕೆಳಮನೆಯ ಉತ್ತಯ್ಯನೆ?
ಅಲ್ಲಿ ಈಗ ಗಂಟೆಯೆಷ್ಟು,
ಕಾಫಿ ಕಣದಲ್ಲಿ ಯಾರಿದ್ದಾರೆ?
ಅಧಿಕಾರಿಯೊಬ್ಬ ಬಂದು ಭುಜ ಮುಟ್ಟಿದ.

ಮರುಓಟದಲ್ಲಿ ನಾನು ಏಳನೆಯವನು.
ಹತ್ತು ದಿನ ಬಿಟ್ಟು ಮನೆಯಿಂದ ಕಾಗದ ಬಂತು.
ಯಾರೂ ಸತ್ತಿರಲಿಲ್ಲ.
ಅಜ್ಜಿ ಹೊಸ ಹಲ್ಲುಸೆಟ್ಟು ಕಟ್ಟಿಸಿಕೊಂಡಿದ್ದಳು.
ಉತ್ತಯ್ಯನ ಹಂದಿ ಮರಿ ಹಾಕಿತ್ತು,
ಹನ್ನೊಂದು.

ಅಪ್ಪ ಹೋದದ್ದು ನಾನು ಪಿಂಚಣಿಗೆ ಬಂದ ವರ್ಷ,
ತುಲಾ ಸಂಕ್ರಮಣದ ಮಾರನೇ ಬೆಳಗ್ಗೆ.
ಕೋವಿ ಇಳಿಸಿ ಅಂಗಳಕ್ಕೆ ಬಂದೆ.
ಒಂದು.
ಎರಡು.
ಹೊಗೆ ಹಲಸಿನ ಕೊಂಬೆಗೆ ಸಿಕ್ಕಿಕೊಂಡಿತು.
ಕಣಿವೆಯ ತುಂಬ, ಕತ್ತಿ ಕೆಳಗಿಟ್ಟವರ ಮೌನ.
ಎಲ್ಲರ ತಲೆ ತಗ್ಗಿತ್ತು. ನಾನು ಮಾತ್ರ
ಓಣಿಯ ತಿರುವನ್ನೇ ನೋಡುತ್ತಿದ್ದೆ.
ಹಾಳು ಅಭ್ಯಾಸ.
ಎರಡನೆಯದು ಕೇಳಿದ ಮೇಲೆ
ಮುಂದೆ ಓಡಿದವನು ವಾಪಸು ಬಂದು
ಗೆರೆಯ ಹಿಂದೆ ನಿಲ್ಲಬೇಕು.
ಬರಲಿಲ್ಲ.
ನಿಯಮ ಗೊತ್ತಿಲ್ಲದ ಮುದುಕ.

‘ಆನ್ ಯುವರ್ ಮಾರ್ಕ್ಸ್’ ಎನ್ನುತ್ತೇನೆ. ಮಕ್ಕಳು ಬಗ್ಗುತ್ತಾರೆ.
‘ಸೆಟ್.’
ಆರನೇ ಲೇನಿನ ಹುಡುಗಿ
ಸದ್ದಿಗಿಂತ ಅರ್ಧ ಉಸಿರು ಮೊದಲೇ ಹಾರಿದ್ದಾಳೆ.
ಇನ್ನೊಂದು ಸಲ ಒತ್ತಬೇಕು. ಬೆರಳು ತಡೆಯುತ್ತದೆ.
ಒತ್ತುತ್ತೇನೆ.

ಬೇಲಿಯಾಚೆ ರಸ್ತೆಯಲ್ಲಿ ಸಂತೆಯಿಂದ ಬರುವ ಮುದುಕಿ
ನಿಂತು, ಚೀಲ ಕೆಳಗಿಟ್ಟು,
ತಲೆವಸ್ತ್ರ ಸರಿಮಾಡಿಕೊಂಡು ಕೇಳುತ್ತಾಳೆ:
‘ಯಾರ ಮನೆಯಪ್ಪಾ?’

ಯಾರದೂ ಅಲ್ಲ ಅವ್ವ, ಎಂದು ಕೂಗುತ್ತೇನೆ,
ನೋಡು, ವಾಪಸು ಬರ್ತಿದ್ದಾಳೆ.

ಅವಳು ನಂಬುವುದಿಲ್ಲ.
ಹುಡುಗಿ ಅಳುಮೋರೆಯಲ್ಲಿ ನಡೆದು ಬಂದು
ಗೆರೆಯ ಹಿಂದೆ ಕಾಲಿಡುವ ತನಕ
ಚೀಲ ಎತ್ತುವುದಿಲ್ಲ.