ದಾನಪತ್ರ, ನಕಲು ಪ್ರತಿ

ಸಾಳಿಂದರ ಟೇಕಡಿ: ಹನ್ನೊಂದು ಎಕರೆ, ಏಳು ಗುಂಟೆ.
ಟೈಪು ಮಾಡಿದವನು ನಾನು,
ಪುಣೆಯ ಹವೇಲಿ ಕಚೇರಿಯಲ್ಲಿ, ಮರಾಠಿಯಲ್ಲಿ;
ಒಳಗೊಳಗೆ ಮಾತ್ರ ನಮ್ಮ ಇಂಡಿ ಕಡೆಯ ಕನ್ನಡದಲ್ಲಿ ಎಣಿಸುತ್ತ,
ಎಕರೆಗೆ ನಲವತ್ತು ಗುಂಟೆ, ಗುಂಟೆಗೆ ಎಷ್ಟು ಕೋಟಿ ಎಂದು.

ಹೋಮಾಯ್ ಕಾಂಟ್ರಾಕ್ಟರ್, ವಯಸ್ಸು ಎಂಬತ್ತಾರು.
ಹೆಸರಿನಲ್ಲೇ ಕಾಂಟ್ರಾಕ್ಟರ್ ಇದ್ದುದಕ್ಕೋ ಏನೋ
ಮೂವತ್ತು ವರ್ಷ ಬಿಲ್ಡರುಗಳು
ಪೇಡೆಯ ಡಬ್ಬಿ ಹಿಡಿದು ಮನೆಗೆ ಬಂದರು.
ಆಕೆ ಪೇಡೆ ಇಟ್ಟುಕೊಂಡರು,
ಗುಡ್ಡ ಕೊಡಲಿಲ್ಲ.

ಕಂಪ್ಯೂಟರು ಕೇಳಿತು: ದಾನ ಪಡೆಯುವವರು?
"ಬರೆಯಪ್ಪಾ, ಎಲ್ಲರೂ," ಅಂದರು.
ಎಲ್ಲರೂ ಎಂದು ಒತ್ತಿದೆ. ಪರದೆ ಕೆಂಪಾಯಿತು.
ತಂದೆಯ ಹೆಸರು ಬೇಕಂತೆ. ವಯಸ್ಸು. ಉದ್ಯೋಗ. ಪ್ಯಾನ್ ನಂಬರು.
ನಾವಿಬ್ಬರೂ ನಕ್ಕೆವು; ಹಿಂದೆ ಸಾಲಿನಲ್ಲಿದ್ದವರು ಸಿಡುಕಿದರು.
ಕೊನೆಗೆ ಪಾಲಿಕೆಯ ಅಧಿಕಾರಿಯೊಬ್ಬರು ಬಂದು
ಎಲ್ಲರ ಪರವಾಗಿ, ಆಕಳಿಸುತ್ತ, ಸಹಿ ಹಾಕಿದರು.

ಷರತ್ತುಗಳು ಅರ್ಧ ಪುಟವೂ ಆಗಲಿಲ್ಲ.
ಗೇಟು ಕೂಡದು. ಟಿಕೀಟು ಕೂಡದು.
ಕೂತ ಜೋಡಿಗಳನ್ನು ಎಬ್ಬಿಸಿ ಕಳಿಸಕೂಡದು.
ಒಣಹುಲ್ಲನ್ನು ಕಸವೆಂದು ಕರೆಯಕೂಡದು.
ನನ್ನ ಹೆಸರಿನ ಕಲ್ಲು
ಎಂದವರು ಅಲ್ಲಿ ತುಸು ನಿಂತರು,
ಆಸೆ ಇತ್ತೆಂದು ಕಾಣುತ್ತದೆ.
ಅದೂ ಕೂಡದು.

ಹೆಬ್ಬೆರಳನ್ನು ಮಾತ್ರ ಯಂತ್ರ ಒಪ್ಪಲಿಲ್ಲ.
ಐದು ಸಲ ಒತ್ತಿಸಿದೆ, ಒರೆಸಿ, ಒದ್ದೆ ಮಾಡಿ.
ಗೆರೆಗಳೇ ಇಲ್ಲ.
"ಸೀತಾಫಲದ ಬೀಜ ಹೂಳಿ ಹೂಳಿ ಸವೆದವು," ಅಂದರು.
ಸುಳ್ಳಿರಬಹುದು; ಆ ವಯಸ್ಸಿಗೆ ಎಲ್ಲರದೂ ಸವೆಯುತ್ತದೆ.
ಆರನೆಯ ಸಲ ಹಸಿರು ದೀಪ.

ನಮ್ಮೂರ ಕೆರೆದಂಡೆಯ ಶಾಸನಕಲ್ಲಿನಲ್ಲಿ
ಮೇಲೆ ಸೂರ್ಯ, ಚಂದ್ರ. ಅವೆರಡೂ ಇರುವ ತನಕ ಎಂದು ಅವಧಿ.
ಕೆಳಗೆ, ಹುಡುಗರು ಕಿಸಕ್ಕನೆ ನಗುವ ಭಂಗಿಯಲ್ಲಿ, ಒಂದು ಕತ್ತೆ:
ಕೊಟ್ಟದ್ದನ್ನು ಕಿತ್ತುಕೊಂಡವನಿಗೆ.
ನಮ್ಮ ಪತ್ರದಲ್ಲಿ ಸೂರ್ಯಚಂದ್ರರಿಗೆ ಕಾಲಂ ಇಲ್ಲ.
ಹೊಲೊಗ್ರಾಮ್ ಇದೆ. ಬಾರ್‌ಕೋಡ್ ಇದೆ.
"ಮುಂದಿನ ಚುನಾವಣೆ ತನಕ ಬಾಳಿದರೆ ಸಾಕು,"
ಸಾಕ್ಷಿ ಹಾಕಿದವನು ಗೊಣಗಿದ, ಪೆನ್ನು ಮರಳಿಸದೆ ಹೋದ.

ಮೊನ್ನೆ ಭಾನುವಾರ ಹತ್ತಿದೆ, ಮೊದಲ ಸಲ.
ಈ ಊರನ್ನು ಅರ್ಧಕ್ಕರ್ಧ ಟೈಪು ಮಾಡಿದ್ದೇನೆ,
ನೋಡಿದ್ದು ಕಡಿಮೆ.
ಪೊಲೀಸ್ ಭರ್ತಿಗೆಂದು ಬರಿಗಾಲಲ್ಲಿ ಓಡುವ ಹುಡುಗರು.
ಹಳೆಯ ಕ್ವಾರಿಯಲ್ಲಿ ನಿಂತ ನೀರು,
ನೀರಿನಲ್ಲಿ ಎದುರಿನ ಟವರಿನ ಕ್ರೇನು ತಲೆಕೆಳಗಾಗಿ.
ಉತ್ತರಕ್ಕೆ ಸುಣ್ಣ ಬಳಿದ ಕಲ್ಲು, ಎಂದು ಬರೆದಿದ್ದೆ.
ಹುಡುಕಿದೆ. ಇತ್ತು.
ಪಕ್ಕದಲ್ಲಿ ನಿಜವಾದ ಕತ್ತೆ,
ಬೆನ್ನಿನ ಮೇಲೆ ಮರಳಿನ ಚೀಲ ಉಜ್ಜಿದ ಗಾಯ.
ಒಡೆಯನಿಗೆ ಭಾನುವಾರದ ರಜೆಯಿರಬೇಕು.
ಒಣಹುಲ್ಲು ಜಗಿಯುತ್ತ ತಲೆಯೆತ್ತಿ
ನನ್ನನ್ನೇ ನೋಡಿತು,
ನೀನು ಯಾರು,
ತಂದೆಯ ಹೆಸರೇನು ಎಂಬಂತೆ.